ತಕ್ಕಡಿಯ ಮನೆಗೆ ಪ್ರೊಸೆಸರ್ ಬಂದದ್ದು

ನಮ್ಮಣ್ಣನನ್ನು ಊಟ ಹೇಗಿದೆ ಎಂದು ಕೇಳಬಾರದು. ಕೇಳಿದರೆ ಹೇಳುತ್ತಾನೆ.

"ಒಳ್ಳೇದು ಏನಂದ್ರೆ, ಉಪ್ಪು ಸರಿಯಾಗಿದೆ," ಎಂದು ಶುರು ಮಾಡುತ್ತಾನೆ. "ಕಷ್ಟ ಏನಂದ್ರೆ, ತರಕಾರಿ ಇನ್ನೊಂದು ಕುದಿ ಬೇಕಿತ್ತು. ಆದ್ರೆ ಇನ್ನೊಂದು ಕುದಿ ಬಂದಿದ್ರೆ ಬಣ್ಣ ಹೋಗ್ತಿತ್ತು. ಬಣ್ಣ ಮುಖ್ಯಾನೋ ಮೆತ್ತಗಾಗೋದು ಮುಖ್ಯಾನೋ ಅಂತ ಮೊದಲು ನೋಡ್ಬೇಕು." ನೋಡುವಷ್ಟರಲ್ಲಿ ತಟ್ಟೆ ಆರಿ ತಣ್ಣಗಾಗಿರುತ್ತದೆ. ಆರಿದ್ದರಲ್ಲೂ ಅವನಿಗೆ ಒಂದು ಒಳ್ಳೆಯದು, ಒಂದು ಕಷ್ಟ ಕಾಣಿಸುತ್ತದೆ.

ನಾನು ಅವನ ತಂಗಿ. ಅದೇ ಮನೆಯ ಹಿಂದಿನ ಕೋಣೆ ನನ್ನದು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಕೂಗಿ ಒಳಗೆ ಕಳಿಸುವುದು ನನ್ನ ಕೆಲಸ. ಹಲ್ಲು ಕೀಳಿಸಿಕೊಳ್ಳಲು ಬಂದವರು ಕೂಡ ನಮ್ಮಣ್ಣನಿಗಿಂತ ಬೇಗ ಒಂದು ತೀರ್ಮಾನಕ್ಕೆ ಬರುವುದನ್ನು ದಿನಾ ನೋಡುತ್ತೇನೆ. ಹಾಗಾಗಿ ಅವನ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಕ್ಲಿನಿಕ್ಕು ಇರುವುದು ಮೊದಲ ಮಹಡಿಯಲ್ಲಿ. ಅದರ ಕೆಳಗೇ ಅಣ್ಣನ ಅಂಗಡಿ. ಅವನದಲ್ಲ, ಅವನು ಕೆಲಸ ಮಾಡುವ ಅಂಗಡಿ. ಕಂಪ್ಯೂಟರಿನ ಬಿಡಿಭಾಗಗಳನ್ನು ಮಾರುತ್ತಾರೆ, ಕೇಳಿದರೆ ಜೋಡಿಸಿಯೂ ಕೊಡುತ್ತಾರೆ. ಮುಂದೆ ಗಾಜಿನ ಕಪಾಟು, ಹಿಂದೆ ಜೋಡಿಸುವ ಮೇಜು, ಮೇಜಿನ ಮೇಲೆ ಸ್ಕ್ರೂ ತುಂಬಿದ ಐಸ್‌ಕ್ರೀಮ್ ಡಬ್ಬಿ, ಮೂಲೆಯಲ್ಲಿ ಆಳೆತ್ತರಕ್ಕೆ ಖಾಲಿ ರಟ್ಟಿನ ಪೆಟ್ಟಿಗೆಗಳು. ಕಪಾಟಿನ ಹಿಂದಿನ ಎತ್ತರದ ಸ್ಟೂಲಿನ ಮೇಲೆ ಅಣ್ಣ.

ಗಿರಾಕಿ ಬಂದು ಅತಿ ಬೆಲೆಯ ಸಾಮಾನಿನ ಮೇಲೆ ಬೆರಳಿಟ್ಟರೆ ಬೇರೆ ಅಂಗಡಿಯವರು ಬಿಲ್ ಹರಿಯುತ್ತಾರೆ. ಅಣ್ಣ ಮಾತ್ರ, "ಏನು ಕೆಲಸಕ್ಕೆ ಬೇಕು?" ಎಂದು ಕೇಳುತ್ತಾನೆ. ಆಮೇಲೆ ಒಳ್ಳೆಯದು, ಆಮೇಲೆ ಕಷ್ಟ. ಕೊನೆಗೆ, "ಮುಂದಿನದು ಬರೋದ್ರಲ್ಲಿದೆ. ಆರು ತಿಂಗಳು ತಡೀರಿ," ಎನ್ನುತ್ತಾನೆ. ಗಿರಾಕಿ ಕೈ ಕುಲುಕಿ, ಧನ್ಯವಾದ ಹೇಳಿ, ಬರಿಗೈಯಲ್ಲಿ ಹೋಗುತ್ತಾನೆ.

ಅಂಗಡಿಯ ಮಾಲೀಕರು ದಪ್ಪ ಮೀಸೆಯ, ಸಣ್ಣ ದನಿಯ ಮನುಷ್ಯ. "ಇವನು ನನ್ನ ಸಂಬಳ ತಿಂದು ಪಕ್ಕದ ಅಂಗಡಿಗೆ ಪ್ರಚಾರ ಮಾಡ್ತಾನೆ," ಎಂದು ಎಲ್ಲರೆದುರು ಹೇಳುತ್ತಾರೆ. ಆದರೂ ಕೆಲಸ ಬಿಡಿಸಿಲ್ಲ. ಬರಿಗೈಯಲ್ಲಿ ಹೋದವರು ತಿರುಗಿ ಬರುವಾಗ ಭಾವಮೈದುನನನ್ನೋ ಚಿಕ್ಕಪ್ಪನನ್ನೋ ಕರೆದುಕೊಂಡು ಬರುತ್ತಾರೆ ಎಂಬುದು ಅವರಿಗೆ ಗೊತ್ತು. ಅಣ್ಣನಿಗೆ ತಕ್ಕಡಿ ಎಂದು ಹೆಸರಿಟ್ಟವರೂ ಅವರೇ. ಈಗ ಬೀದಿಯಲ್ಲಿ ಅವನ ನಿಜವಾದ ಹೆಸರು ಹೇಳಿದರೆ ಯಾರು ಎಂದು ಕೇಳುತ್ತಾರೆ.

ಅತ್ತಿಗೆ ಮೊದಲು ಬಂದದ್ದೂ ಗಿರಾಕಿಯಾಗಿಯೇ. ಶಾಲೆಯಲ್ಲಿ ಚಿತ್ರ ಕಲಿಸುವ ಟೀಚರು. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಲು ಒಂದು ಪ್ಯಾಡು ಬೇಕು ಎಂದು ಬಂದರು. ಅಣ್ಣ ತಡೀರಿ ಎಂದ. ತಡೆದು ಮತ್ತೆ ಬಂದರು. ಮತ್ತೆ ತಡೀರಿ ಎಂದ. ಹೀಗೆ ಬಂದು ಹೋಗಿ ಬಂದು ಹೋಗಿ, ಒಂದು ದಿನ ಅಣ್ಣ ಪ್ಯಾಡಿನ ಮಾತು ಬಿಟ್ಟು ತನ್ನದೇ ಒಳ್ಳೆಯದು, ಕಷ್ಟ ಎರಡನ್ನೂ ಹೇಳತೊಡಗಿದನಂತೆ. ಕೆಲಸ ಕಾಯಂ, ಕುಡಿಯಲ್ಲ. ಕಷ್ಟ ಏನಂದ್ರೆ ನಿಧಾನ, ಮತ್ತೆ ಮನೆಯಲ್ಲಿ ಬಾಯಿ ಜೋರಿನ ತಂಗಿ ಇದ್ದಾಳೆ. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡು, "ಸರಿ, ಪ್ಯಾಕ್ ಮಾಡಿ," ಎಂದರು. ಪ್ಯಾಡನ್ನು ಅವರು ಆಮೇಲೆ ಬೇರೆ ಅಂಗಡಿಯಲ್ಲಿ ಕೊಂಡರು.

ಆ ಪ್ಯಾಡಿನಲ್ಲಿ ಅತ್ತಿಗೆ ಒಂದು ಕಾರ್ಟೂನ್ ಸಿನಿಮಾ ಮಾಡುತ್ತಿದ್ದರು. ನಾಲ್ಕು ನಿಮಿಷದ್ದು. ಕಥೆ ದೊಡ್ಡದೇನಲ್ಲ. ಒಂದು ಮೇಕೆ ಲಿಫ್ಟ್ ಹತ್ತುವುದಿಲ್ಲ ಎನ್ನುತ್ತದೆ. ಕಟ್ಟಡದ ಕಾವಲುಗಾರ ತಳ್ಳುತ್ತಾನೆ, ಎಳೆಯುತ್ತಾನೆ, ಎಲೆ ತೋರಿಸುತ್ತಾನೆ, ಕೊನೆಗೆ ತಾನೇ ಅದರ ಜೊತೆ ಮೆಟ್ಟಿಲು ಹತ್ತುತ್ತಾನೆ. ಅಷ್ಟೇ. ಅದರಲ್ಲಿ ಮಾತಿಲ್ಲ. ಮೇಕೆಯ ಮುಖ ಮಾತ್ರ ಅಣ್ಣನದು. ನಾನು ಹೇಳಿದಾಗ ಅತ್ತಿಗೆ ಒಪ್ಪಲಿಲ್ಲ, ನಕ್ಕರು.

ತೊಂದರೆ ಬಂದದ್ದು ಮೇಕೆಯ ಕೂದಲಿನಲ್ಲಿ. ಕಂಪ್ಯೂಟರಿನಲ್ಲಿ ಮೇಕೆಯನ್ನು ನಿಲ್ಲಿಸಿ, ಹೀಗೆ ನಡಿ ಎಂದು ಹೇಳಿದರೆ ಮುಗಿಯುವುದಿಲ್ಲ. ಒಂದೊಂದು ಕೂದಲಿನ ಮೇಲೂ ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಬೀಳುತ್ತದೆ ಎಂದು ಅದು ಲೆಕ್ಕ ಹಾಕಿ ಚಿತ್ರ ತೆಗೆಯಬೇಕು. ಅಂಥ ಚಿತ್ರ ಸೆಕೆಂಡಿಗೆ ಇಪ್ಪತ್ತನಾಲ್ಕು ಬೇಕು. ಅತ್ತಿಗೆಯ ತಂತ್ರಾಂಶ ಹಳೆಯ ಕಾಲದ್ದು, ಆ ಲೆಕ್ಕವನ್ನೆಲ್ಲ ಪ್ರೊಸೆಸರಿನ ತಲೆಗೇ ಕಟ್ಟುತ್ತಿತ್ತು. ನಮ್ಮ ಮನೆಯ ಕಂಪ್ಯೂಟರೋ, ಅಂಗಡಿಗೆ ವಾಪಸು ಬಂದ ಭಾಗಗಳನ್ನು ಅಣ್ಣ ಒಟ್ಟು ಸೇರಿಸಿ ಕಟ್ಟಿದ್ದು. ಬೆಳಿಗ್ಗೆ ಕೂರಿಸಿದರೆ ಸಂಜೆಗೆ ಮೇಕೆ ಒಂದು ಸೆಕೆಂಡಿನಷ್ಟು ತಲೆ ಅಲ್ಲಾಡಿಸುತ್ತಿತ್ತು. ಅದೂ ಬೇಡ ಎನ್ನುವ ಹಾಗೆ.

ಆಗ ಅಂಗಡಿಗೆ ಹೊಸ ಪ್ರೊಸೆಸರ್ ಬಂತು. ಅದನ್ನು ತಯಾರಿಸುವ ಕಂಪನಿ ಮನೆ ಕಂಪ್ಯೂಟರಿಗೆಂದು ಮಾಡಿದವುಗಳಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಯದು. ಬಿಸ್ಕತ್ತಿನಷ್ಟು ಅಗಲದ ಒಂದು ಲೋಹದ ಬಿಲ್ಲೆ. ಅದರೊಳಗೆ ಕೋರ್ ಎಂಬ ಕೆಲಸಗಾರರು ಸಾಲಾಗಿ ಕೂತಿರುತ್ತಾರೆ ಎಂದು ಅಣ್ಣ ನನಗೆ ತಿಳಿಸಿ ಹೇಳಿದ. ಮಾಲೀಕರು ಗಿರಾಕಿಗಳಿಗೆ ತೋರಿಸಲೆಂದು ಒಂದನ್ನು ಬಿಚ್ಚಿಸಿದ್ದರು. ಅಣ್ಣ ಅದನ್ನು ಮೇಜಿನ ಮೇಲೆ ಕೂರಿಸಿ, ಅತ್ತಿಗೆಯ ಮೇಕೆಯನ್ನೇ ಅದರ ಮೇಲೆ ಓಡಿಸಿ ನೋಡಿ ಬಂದ.

"ಒಳ್ಳೇದು ಏನಂದ್ರೆ, ಇಂಥದ್ದು ನಾನು ನೋಡೇ ಇಲ್ಲ," ಎಂದ ಊಟಕ್ಕೆ ಕೂತು. "ನಮ್ಮ ಮಿಷನ್ನು ಹಗಲೆಲ್ಲಾ ಮಾಡೋದನ್ನ ಒಂದು ಗಂಟೆ ಒಳಗೆ ಮುಗಿಸ್ತು. ಕೋರ್ ಎಲ್ಲಾ ಒಟ್ಟಿಗೆ ದುಡೀತವೆ. ಒಂದೂ ಮೈಗಳ್ಳ ಇಲ್ಲ."

ಅತ್ತಿಗೆ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತರು. "ಕಷ್ಟ?"

"ಕಷ್ಟ ಏನಂದ್ರೆ, ವಿಪರೀತ ಬಿಸಿ. ಇಟ್ಟಿಗೆ ಗಾತ್ರದ ಕೂಲರ್ ಬೇಕು ಅದನ್ನ ತಣ್ಣಗಿಡೋಕೆ. ಫ್ಯಾನಿನ ಸದ್ದಿಗೆ ಪಕ್ಕದ ಕೋಣೇಲಿ ಮಾತು ಕೇಳಿಸಲ್ಲ. ಕರೆಂಟು ಕುಡಿಯುತ್ತೆ. ಅದರಲ್ಲೂ ಪೂರ್ತಿ ಜೋರಾಗಿ ಓಡಿಸಿದ್ರೆ, ಕೊನೇ ಒಂದು ಚೂರು ವೇಗಕ್ಕೆ ಅರ್ಧದಷ್ಟು ಕರೆಂಟು ಹೆಚ್ಚಿಗೆ ತಿನ್ನುತ್ತೆ. ಮತ್ತೆ ನಮ್ಮ ಮದರ್‌ಬೋರ್ಡಿಗೆ ಅದು ಕೂರಲ್ಲ. ಬೋರ್ಡು ಬದಲಾಯಿಸ್ಬೇಕು. ಬೋರ್ಡು ಬದಲಾದ್ರೆ ಮೆಮೊರಿ. ಆಮೇಲೆ ಪವರ್ ಸಪ್ಲೈ. ಆಮೇಲೆ ಪೆಟ್ಟಿಗೆ."

"ಅಂದ್ರೆ ಕಂಪ್ಯೂಟರೇ ಹೊಸದು," ಎಂದೆ ನಾನು.

"ಹಾಗಲ್ಲ. ಹಳೇ ಮೌಸು ನಡೆಯುತ್ತೆ."

ಅಣ್ಣ ನೀರು ಕುಡಿದು, "ಮುಂದಿನದು ಬರೋದ್ರಲ್ಲಿದೆ. ಅದು ಇಷ್ಟು ಬಿಸಿಯಾಗಲ್ವಂತೆ. ತಡಿ," ಎಂದ.

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ನಮ್ಮಣ್ಣನ ಬೆಟ್ಟ ಯಾವಾಗಲೂ ಆರು ತಿಂಗಳ ದೂರದಲ್ಲೇ ಇರುತ್ತಿತ್ತು. ಇವನು ಒಂದು ಹೆಜ್ಜೆ ಇಟ್ಟರೆ ಅದೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಆ ಪ್ರೊಸೆಸರನ್ನು ಅವನು ವಾರಗಟ್ಟಲೆ ಅಳೆದೂ ಸುರಿದೂ ಮಾಡಿದ. ಬಿಸಿಯನ್ನು ಹೀಗೆ ತಗ್ಗಿಸಿದರೆ ವೇಗ ಇಷ್ಟು ಹೋಗುತ್ತದೆ, ವೇಗ ಅಷ್ಟು ಹೋದರೆ ಅದಕ್ಕಿಂತ ಕೆಳಗಿನದನ್ನೇ ತರಬಹುದು, ಕೆಳಗಿನದು ತರುವುದಾದರೆ ಮುಂದಿನದಕ್ಕೇ ಕಾಯಬಹುದು. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಅದಕ್ಕೇ ನನಗೆ ಮೈ ಉರಿಯುತ್ತಿತ್ತು. ಸುಳ್ಳು ಹೇಳುವವನ ಜೊತೆ ಜಗಳವನ್ನಾದರೂ ಆಡಬಹುದು.

ಅಷ್ಟರಲ್ಲಿ ಅತ್ತಿಗೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳಲು ಶುರು ಮಾಡಿದ್ದರು. ಮೊದಲು ನಾನು ಗಮನಿಸಲಿಲ್ಲ. ಪಕ್ಕದಲ್ಲಿ ನಿಂತು ಲೋಟ ಚಾಚಿದರೆ ನೋಡುತ್ತಿರಲಿಲ್ಲ. ಎದುರಿಗೆ ಬಂದರೆ ಬೆಚ್ಚಿಬೀಳುತ್ತಿದ್ದರು. ರಸ್ತೆಯಲ್ಲಿ ಒಂದು ಸೈಕಲ್ಲು ಅವರ ಚೀಲಕ್ಕೆ ತಾಗಿಕೊಂಡು ಹೋದ ಮೇಲೆ ನಾನೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಣ್ಣನಿಗೆ ಹೇಳಿದ್ದರೆ ಯಾವ ಆಸ್ಪತ್ರೆ ಎಂದು ತೂಗುತ್ತಾ ಕೂರುತ್ತಿದ್ದ.

ಕಣ್ಣಿನ ಡಾಕ್ಟರಮ್ಮ ಅತ್ತಿಗೆಯನ್ನು ಒಂದು ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತಿ ಎಂದರು. ನಾನು ಹಿಂದೆ ನಿಂತಿದ್ದೆ. ಚುಕ್ಕಿಗಳು ಬಂದವು, ಹೋದವು. ಅತ್ತಿಗೆ ಎಷ್ಟೋ ಹೊತ್ತು ಗುಂಡಿ ಒತ್ತದೆ ಸುಮ್ಮನೆ ಕಾಯುತ್ತಿದ್ದರು.

"ಕಣ್ಣಿನ ಹಿಂದಿನ ನರ ಸವೀತಿದೆ," ಎಂದರು ಡಾಕ್ಟರಮ್ಮ. "ನೋಟ ಎರಡೂ ಬದಿಯಿಂದ ಮುಚ್ಕೊಂಡು ಬರ್ತಿದೆ. ಔಷಧಿ ಕೊಡ್ತೀನಿ, ನಿಧಾನ ಆಗಬಹುದು. ಹೋಗಿದ್ದು ವಾಪಸ್ ಬರಲ್ಲ."

"ಎಷ್ಟು ದಿನ ಇರುತ್ತೆ?" ಎಂದು ಕೇಳಿದರು ಅತ್ತಿಗೆ.

"ಒಂದು ವರ್ಷ ಇರಬಹುದು. ಹೆಚ್ಚೂ ಇರಬಹುದು. ಕಣ್ಣಿಟ್ಟು ಮಾಡೋ ಕೆಲಸ ಏನಾದ್ರೂ ಇದ್ರೆ ಮುಂದಕ್ಕೆ ಹಾಕ್ಬೇಡಿ."

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ನಾನು ಅತ್ತುಬಿಟ್ಟೆ. ಅತ್ತಿಗೆ ನನ್ನ ಬೆನ್ನು ಸವರುತ್ತಾ, "ಮೇಕೆ ಇನ್ನೂ ಎರಡನೇ ಮಹಡೀಲಿದೆ," ಎಂದರು.

ಅಂದು ಊಟದ ಹೊತ್ತಿಗೆ ಅವರೇ ಅಣ್ಣನಿಗೆ ಹೇಳಿದರು. ಸುತ್ತಿಬಳಸಲಿಲ್ಲ. "ರೀ, ನನ್ನ ಕಣ್ಣು ಹೋಗುತ್ತಂತೆ. ಈಗಲೇ ಅಲ್ಲ, ನಿಧಾನಕ್ಕೆ." ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿ ಮುಗಿಸಿದರು.

ಅಣ್ಣ ತುತ್ತನ್ನು ತಟ್ಟೆಗೆ ಹಾಕಿದ. ಆಮೇಲೆ ಬಾಯಿ ತೆರೆದು, "ಒಳ್ಳೇದು ಏನಂದ್ರೆ..." ಎಂದ.

ಎಂದವನು ಅಲ್ಲೇ ಮಾತು ನಿಲ್ಲಿಸಿದ. ಅಭ್ಯಾಸಬಲ, ಮಾತು ತಾನಾಗಿ ಬಂದುಬಿಟ್ಟಿತ್ತು. ಅತ್ತಿಗೆ ಕಾದರು. ನಿಜವಾಗಿಯೂ ಕಾದರು, ಏನಾದರೂ ಸಿಗಬಹುದು ಎಂಬಂತೆ ಅವನ ಮುಖ ನೋಡುತ್ತಾ, "ಹೇಳಿ," ಎಂದರು. ಅಣ್ಣ ಎದ್ದು ಕೈ ತೊಳೆಯಲು ಹೋದ. ನಲ್ಲಿ ಬಹಳ ಹೊತ್ತು ಸುರಿಯಿತು.

ಮರುದಿನ ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಯಾರೂ ಇರದಿದ್ದ ಹೊತ್ತಿನಲ್ಲಿ ನಾನು ಕೆಳಗಿಳಿದು ಅಂಗಡಿಗೆ ಹೋದೆ. ಅಣ್ಣ ತನ್ನ ಸ್ಟೂಲಿನ ಮೇಲೆ ಇರಲಿಲ್ಲ. ಕಪಾಟಿನ ಈಚೆ ಬದಿಯಲ್ಲಿ, ಗಿರಾಕಿಗಳು ನಿಲ್ಲುವ ಜಾಗದಲ್ಲಿ ನಿಂತಿದ್ದ. ಆ ಬದಿಯಿಂದ ಅವನನ್ನು ನಾನು ನೋಡಿದ್ದೇ ಇಲ್ಲ. ಸ್ವಲ್ಪ ಕುಳ್ಳಗೆ ಕಂಡ.

"ಸರ್, ಆ ಮೇಲಿನ ದರ್ಜೆಯದು ಒಂದು ಕೊಡಿ," ಎಂದ ಮಾಲೀಕರಿಗೆ.

ಮಾಲೀಕರಿಗೆ ಸಂಗತಿ ಏನೂ ಗೊತ್ತಿರಲಿಲ್ಲ. ವರ್ಷಗಟ್ಟಲೆ ಕಾದಿದ್ದ ಅವಕಾಶ ಅವರಿಗೆ. ಮೀಸೆ ನೀವಿಕೊಂಡು ಅಣ್ಣನ ಸ್ಟೂಲಿನ ಮೇಲೆ ಹೋಗಿ ಕೂತರು. ಅವನದೇ ಧಾಟಿಯಲ್ಲಿ, ತಲೆ ಒಂದು ಕಡೆ ವಾಲಿಸಿ ಕೇಳಿದರು.

"ಏನು ಕೆಲಸಕ್ಕೆ ಬೇಕು?"

"ಮೇಕೆಗೆ," ಎಂದ ಅಣ್ಣ.

"ಒಳ್ಳೇದು ಏನಂದ್ರೆ, ವೇಗ ಚೆನ್ನಾಗಿದೆ," ಎಂದರು ಮಾಲೀಕರು. "ಕಷ್ಟ ಏನಂದ್ರೆ, ಬಹಳ ಬಿಸಿ. ಕರೆಂಟು ಜಾಸ್ತಿ. ಬೋರ್ಡು ಬೇರೆ ಬದಲಾಯಿಸ್ಬೇಕು. ಏನಪ್ಪಾ ತಕ್ಕಡಿ, ಅವಸರ ಯಾಕೆ? ಮುಂದಿನದು ಬರೋದ್ರಲ್ಲಿದೆ. ಆರು ತಿಂಗಳು ತಡಿ."

ಹಿಂದಿನ ಮೇಜಿನಲ್ಲಿ ಕೂತು ಸ್ಕ್ರೂ ಬಿಗಿಯುತ್ತಿದ್ದ ರಿಪೇರಿಯವನು ಜೋರಾಗಿ ನಕ್ಕ. ತಮಾಷೆ ಚೆನ್ನಾಗಿಯೇ ಇತ್ತು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ.

"ನಾನು ತಡೀಬಹುದು ಸರ್," ಎಂದ ಅಣ್ಣ. "ಅವಳ ಕಣ್ಣು ತಡೆಯಲ್ಲ."

ಗಾಜಿನ ಮೇಲೆ ಎರಡೂ ಕೈ ಊರಿ ನಿಂತು, ಆಸ್ಪತ್ರೆಯಲ್ಲಿ ಹೇಳಿದ್ದನ್ನು ಹೇಳಿದ. ಹೇಳುವಾಗ ಅಳುತ್ತಿದ್ದ. ಅಣ್ಣ ಅಳುವುದನ್ನು ನಾನು ಕಂಡದ್ದು ಅದೇ ಮೊದಲು. ಅವನ ಮೇಲೆ ಇಷ್ಟು ದಿನ ಇಟ್ಟುಕೊಂಡಿದ್ದ ಸಿಟ್ಟೆಲ್ಲ ನನಗೆ ಆ ಗಳಿಗೆಯಲ್ಲಿ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಮಾಲೀಕರು ಸ್ಟೂಲಿನಿಂದ ಇಳಿದರು. ಪ್ರೊಸೆಸರಿನ ಪೆಟ್ಟಿಗೆ ತೆಗೆದರು, ಬೋರ್ಡು ತೆಗೆದರು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕೂಲರನ್ನು ತಾವೇ ಏಣಿ ಹತ್ತಿ ಇಳಿಸಿದರು. ಯಾವುದರ ಒಳ್ಳೆಯದನ್ನೂ ಕಷ್ಟವನ್ನೂ ಯಾರೂ ಮಾತಾಡಲಿಲ್ಲ.

ಅಣ್ಣ ಹೇಳಿದ್ದ ದೋಷಗಳೆಲ್ಲ ಒಂದೊಂದಾಗಿ ನಿಜವಾದವು. ಮೇಕೆಯ ಕೆಲಸ ನಡೆಯುವಾಗ ಕೋಣೆ ಕಾದು, ನಾವು ಬಾಗಿಲು ತೆರೆದಿಟ್ಟು ಮೇಜಿನ ಫ್ಯಾನು ಬೇರೆ ಹಾಕಬೇಕಾಯಿತು. ಒಳಗಿನ ಫ್ಯಾನು ಊಳಿಡುತ್ತಿತ್ತು; ನಾನು ಫೋನು ಬಂದರೆ ಬಾತ್‌ರೂಮಿಗೆ ಹೋಗಿ ಮಾತಾಡುತ್ತಿದ್ದೆ. ಒಂದು ದಿನ ಅದು ಓಡುತ್ತಿರುವಾಗ ಇಸ್ತ್ರಿಪೆಟ್ಟಿಗೆ ಹಾಕಿದೆ, ಇಡೀ ಮನೆಯ ಕರೆಂಟು ಹೋಯಿತು. ಅಲ್ಲಿಂದ ಮುಂದೆ ಮೇಕೆ ಮಲಗಿದಾಗ ಮಾತ್ರ ನನ್ನ ಬಟ್ಟೆಗೆ ಇಸ್ತ್ರಿ. ಅಣ್ಣ ಕೊನೆಗೆ ಅದರ ವೇಗವನ್ನು ಒಂದು ಚೂರು ತಗ್ಗಿಸಿದ. ಬಿಸಿ ಎಷ್ಟೋ ಇಳಿಯಿತು, ಕೆಲಸ ಅಷ್ಟೇನೂ ನಿಧಾನವಾಗಲಿಲ್ಲ. ಅದನ್ನೂ ಅವನು ಮೊದಲೇ ಹೇಳಿದ್ದ.

ಆದರೆ ಅವನೂ ತೂಗದೆ ಬಿಟ್ಟಿದ್ದ ಒಂದು ಗುಣ ಅದರಲ್ಲಿತ್ತು. ಹಳೆಯ ಕಂಪ್ಯೂಟರಿನಲ್ಲಿ ಅತ್ತಿಗೆ ಏನನ್ನೂ ತಿದ್ದುತ್ತಿರಲಿಲ್ಲ. ಒಂದು ಸೆಕೆಂಡು ತಿದ್ದಬೇಕೆಂದರೆ ಒಂದು ಹಗಲು ಹೋಗುತ್ತಿತ್ತು. ಕಾಲು ಸರಿಯಾಗಿ ಬಂದಿಲ್ಲ ಎಂದು ಕಂಡರೂ ಇರಲಿ ಬಿಡು ಎಂದು ಮುಂದೆ ಹೋಗುತ್ತಿದ್ದರು. ಈಗ ಶಾಲೆಯಿಂದ ಬಂದು ಕೂತರೆ ಒಂದೇ ಸಂಜೆಯಲ್ಲಿ ಮೇಕೆ ಎರಡು ಥರ ಕಿವಿ ಆಡಿಸುವುದನ್ನು ನೋಡಿ, ಎರಡೂ ಬೇಡ ಎಂದು ಅಳಿಸುತ್ತಿದ್ದರು. ಮುಗಿದ ಮೊದಲ ಮಹಡಿಯನ್ನು ಕೂಡ ಕಿತ್ತುಹಾಕಿ ಮತ್ತೆ ಮಾಡಿದರು. "ಮೊದಲೆಲ್ಲಾ ತಪ್ಪು ಮಾಡೋಕೆ ಭಯ ಆಗ್ತಿತ್ತು," ಎಂದರು ನನಗೆ. ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು, ತಲೆಯನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸುತ್ತಾ ನೋಡುತ್ತಿದ್ದರು. ಇಡೀ ಮೇಕೆ ಒಟ್ಟಿಗೆ ಅವರ ನೋಟದೊಳಗೆ ಹಿಡಿಸುತ್ತಿರಲಿಲ್ಲ. ಮುಖ ಒಮ್ಮೆ, ಬಾಲ ಒಮ್ಮೆ ನೋಡಬೇಕಿತ್ತು.

ಸಿನಿಮಾ ಮುಗಿದ ದಿನ ಪ್ರೊಜೆಕ್ಟರ್ ತಂದು ನಡುಮನೆಯ ಗೋಡೆಯ ಮೇಲೆ ಹಾಕಿದೆವು. ಮಾಲೀಕರು ಬಂದಿದ್ದರು, ರಿಪೇರಿಯವನು ಬಂದಿದ್ದ, ಶಾಲೆಯ ಇಬ್ಬರು ಟೀಚರು ಬಂದಿದ್ದರು. ಅಷ್ಟು ದೊಡ್ಡದಾಗಿ ಹಾಕಿದರೆ ಅತ್ತಿಗೆಗೆ ಕಾಣುವುದು ಕಷ್ಟ ಎಂದು ಅವರಿಗೆ ಬಾಗಿಲ ಆಚೆ, ಪಡಸಾಲೆಯ ಕೊನೆಯಲ್ಲಿ ಕುರ್ಚಿ ಹಾಕಿದ್ದ ಅಣ್ಣ. ದೂರ ಹೋದಷ್ಟೂ ಮೇಕೆ ಚಿಕ್ಕದಾಗಿ, ಪೂರ್ತಿಯಾಗಿ ಹಿಡಿಸುತ್ತದಂತೆ. ಅತ್ತಿಗೆ ಅಲ್ಲಿಂದ ನಾಲ್ಕು ನಿಮಿಷವನ್ನೂ ನೋಡಿದರು. ಕಾವಲುಗಾರ ಸೋತು ಮೆಟ್ಟಿಲ ಮೇಲೆ ಕೂತಾಗ ಎಲ್ಲರೂ ನಕ್ಕರು. ಮೇಕೆ ತಿರುಗಿ ಬಂದು ಅವನ ಪಕ್ಕ ನಿಂತಾಗ ಯಾರೂ ನಗಲಿಲ್ಲ. ಮಾಲೀಕರು ಕಣ್ಣೊರೆಸಿಕೊಂಡು, "ಈ ಮೇಕೆ ಮುಖ ಎಲ್ಲೋ ನೋಡಿದೀನಿ," ಎಂದರು.

ಆಮೇಲೆ ಮುಂದಿನದು ಬಂತು. ಆರು ತಿಂಗಳಲ್ಲ, ಅದಕ್ಕಿಂತ ಬಹಳ ಹೆಚ್ಚೇ ಆಗಿತ್ತು. ಆ ಹೊತ್ತಿಗೆ ಅತ್ತಿಗೆ ಶಾಲೆಗೆ ಹೋಗುವುದನ್ನು ಬಿಟ್ಟಿದ್ದರು. ನಾವು ಬಾಗಿಲಲ್ಲಿ ಚಪ್ಪಲಿ ಬಿಡಬಾರದು, ಕುರ್ಚಿ ಸರಿಸಬಾರದು ಎಂದು ಮನೆಯಲ್ಲಿ ನಿಯಮ ಬಂದಿತ್ತು. ಅವರಿಗೆ ಬೆಳಕು ತಿಳಿಯುತ್ತಿತ್ತು, ಎದುರಿಗೆ ನಿಂತವರ ಮುಖ ತಿಳಿಯುತ್ತಿರಲಿಲ್ಲ.

ಅಣ್ಣ ಅಂಗಡಿಯಲ್ಲಿ ಹೊಸದನ್ನು ಎರಡು ದಿನ ಓಡಿಸಿ ನೋಡಿದ. ಮನೆಗೆ ಬಂದವನು ಅದರ ಸುದ್ದಿಯನ್ನೇ ಎತ್ತಲಿಲ್ಲ. ಊಟ ಮುಗಿದ ಮೇಲೆ ಅತ್ತಿಗೆಯೇ ಕೇಳಿದರು.

"ಹೊಸದು ಬಂತಂತಲ್ಲ. ಹೇಗಿದೆ?"

"ಒಳ್ಳೇದು ಏನಂದ್ರೆ, ನಮ್ಮದಕ್ಕಿಂತ ವೇಗ," ಎಂದ ಅಣ್ಣ. "ಬಿಸಿ ಅರ್ಧಕ್ಕರ್ಧ ಕಮ್ಮಿ. ಫ್ಯಾನು ತಿರುಗ್ತಿದ್ಯೋ ಇಲ್ವೋ ಗೊತ್ತೇ ಆಗಲ್ಲ. ಕರೆಂಟೂ ಕಮ್ಮಿ. ನಾನು ಹೇಳ್ತಿದ್ನಲ್ಲ, ಹಾಗೇ ಇದೆ."

"ಕಷ್ಟ?"

ಅಣ್ಣ ಯೋಚಿಸಿದ. ಅವನು ಹುಡುಕುತ್ತಿದ್ದಾನೆ ಎಂದು ನನಗೆ ಗೊತ್ತಾಗುತ್ತಿತ್ತು. ಮಾಲೀಕರೂ ಆ ದಿನ ನನಗೆ ಹೇಳಿದ್ದರು, ತಕ್ಕಡಿಗೆ ಎರಡು ದಿನದಿಂದ ಅದರಲ್ಲಿ ಒಂದು ಕುಂದೂ ಸಿಕ್ಕಿಲ್ಲ ಎಂದು.

"ತಡವಾಗಿ ಬಂತು," ಎಂದ.

ಅತ್ತಿಗೆ ಕೈ ಚಾಚಿ, ಮೇಜಿನ ಮೇಲೆ ತಡಕಿ, ಅವನ ಕೈಯನ್ನು ಹುಡುಕಿ ಹಿಡಿದುಕೊಂಡರು.

"ಅದಕ್ಕೇನು ಗೊತ್ತು, ಪಾಪ," ಎಂದರು.